ನಲವತ್ಮೂರನೇ ಆಕ್ಷೇಪಣೆ

ಗೆರೆ ಎಳೆದವನು ಅವನೇ ಎಂದು ತಿಳಿದ ದಿನ ಅವಳು ಮೂರು ವರ್ಷದಲ್ಲಿ ಮೊದಲ ಸಲ ಹೊಟ್ಟೆತುಂಬ ಉಂಡಳು.

ಚುನಾವಣಾ ಕ್ಷೇತ್ರಗಳ ಹೊಸ ಕರಡು ನಕ್ಷೆಯನ್ನು ಕಚೇರಿಯ ಗೋಡೆಗೆ ಅಂಟಿಸಿದ್ದರು. ಕೆಂಪು ಗೆರೆಯೊಂದು ಅವಳ ಬೀದಿಯ ನಟ್ಟನಡುವೆ ಹಾದುಹೋಗಿತ್ತು. ಈ ಬದಿಯಲ್ಲಿದ್ದ ಅವಳ ಟೈಲರಿಂಗ್ ಅಂಗಡಿ ಒಂದು ಕ್ಷೇತ್ರಕ್ಕೆ, ಎದುರಿಗಿದ್ದ ಅಜ್ಜಿಯ ಮನೆ ಇನ್ನೊಂದಕ್ಕೆ. ಇಡೀ ಬೀದಿ ಒಟ್ಟಾಗಿ ಓಟು ಹಾಕುತ್ತದೆಂಬ ಹೆದರಿಕೆಗೇ ಇಷ್ಟು ದಿನ ನಲ್ಲಿಯಲ್ಲಿ ನೀರು ಬರುತ್ತಿತ್ತು. ಎರಡು ಹೋಳಾದರೆ ನಾಯಿಯೂ ಮೂಸಿ ನೋಡುವುದಿಲ್ಲ. ನಕ್ಷೆಯ ಮೂಲೆಯಲ್ಲಿ ಒಂದು ಪುಟ್ಟ ಸಹಿ ಇತ್ತು, ಅದರ ಒಂದೊಂದು ಸುರುಳಿಯೂ ಅವಳಿಗೆ ಗೊತ್ತಿತ್ತು.

ಮದುವೆಯಾಗೋಣ, ಬೆಳಿಗ್ಗೆ ಹತ್ತಕ್ಕೆ ನೋಂದಣಿ ಕಚೇರಿಗೆ ಬಾ ಎಂದು ಹೇಳಿ ಕೈಕೊಟ್ಟವನ ಸಹಿ ಅದು. ಅವತ್ತು ಅವಳು, ಅವನೇ ಆರಿಸಿದ ತಿಳಿನೀಲಿ ಬಟ್ಟೆಯಲ್ಲಿ ತಾನೇ ಹೊಲಿದ ಉಡುಪು ತೊಟ್ಟು, ಸಂಜೆ ಐದರವರೆಗೆ ಕಚೇರಿಯ ಮೆಟ್ಟಿಲು ಬಿಟ್ಟು ಅಲುಗಿರಲಿಲ್ಲ. ಮನೆಯವರಿಗೆ ಸುಳಿವು ಸಿಗಬಾರದೆಂದು ಫೋನನ್ನು ಅಂಗಡಿಯಲ್ಲೇ ಬಿಟ್ಟಿದ್ದಳು. ವಾಪಸು ಬಂದು ನೋಡಿದರೆ ಹನ್ನೊಂದು ಮಿಸ್ಡ್ ಕಾಲ್. ನೆಪ ಹೇಳೋಕೆ ಹನ್ನೊಂದು ಸಲವೇ ಎಂದು ಉರಿದು, ನಂಬರನ್ನು ಬ್ಲಾಕ್ ಮಾಡಿದಳು. ತಿಳಿನೀಲಿ ಉಡುಪನ್ನು ಹರಿದು ಮೆಷಿನ್ನಿನ ಎಣ್ಣೆ ಒರೆಸುವ ಚಿಂದಿ ಮಾಡಿಕೊಂಡಳು. ಇವತ್ತಿಗೂ ಅದರಲ್ಲೇ ಒರೆಸುತ್ತಾಳೆ. ಬೀದಿಯವರು ಅವಳಿಗೆ ಕತ್ತರಿ ಎಂದು ಹೆಸರಿಟ್ಟದ್ದು ಸುಮ್ಮನೆ ಅಲ್ಲ.

"ಅಜ್ಜಿ, ಅವನಿಗೆ ಹೇಗೆ ನೀರು ಕುಡಿಸ್ತೀನಿ ನೋಡ್ತಾ ಇರು."

"ಕೋಪದಲ್ಲಿ ಕೊಯ್ದ ಮೂಗು ಆಮೇಲೆ ಬರಲ್ಲ ಕಣೇ."

"ಕೊಯ್ಯೋದು ಅವನ ಮೂಗನ್ನ, ನನ್ನದನ್ನಲ್ಲ."

ಆಕ್ಷೇಪಣೆ ಸಲ್ಲಿಸುವ ನಿಯಮಗಳನ್ನು ಓದುವಾಗ ಅವಳ ಕಣ್ಣು ಅರಳಿತು. ಪ್ರತಿ ಆಕ್ಷೇಪಣೆಗೂ ಗೆರೆ ಎಳೆದವರು ಸ್ವತಃ ಸ್ಥಳಕ್ಕೆ ಬರಬೇಕು. ಆಕ್ಷೇಪಿಸಿದವರ ಜೊತೆ ಗೆರೆಯ ಉದ್ದಕ್ಕೂ ನಡೆಯಬೇಕು. ಕೊನೆಗೆ ಇಬ್ಬರೂ ಒಂದೇ ಹಾಳೆಯಲ್ಲಿ ಸಹಿ ಹಾಕಬೇಕು. ಬೀದಿಯವರೆಲ್ಲ ಸೇರಿ ಒಂದು ಅರ್ಜಿ ಕೊಟ್ಟರೆ ಒಂದೇ ನಡಿಗೆಗೆ ಮುಗಿಯುತ್ತದೆ. ಕತ್ತರಿ ಮನೆಗೊಂದರಂತೆ ನಲವತ್ತೆರಡು ಅರ್ಜಿ ಬರೆದಳು. ಎಲ್ಲರ ಪರವಾಗಿ ನಡೆಯುವವಳು ತಾನೇ ಎಂದು ಬರೆಸಿಕೊಂಡಳು. ದಿನಕ್ಕೊಂದು ಅರ್ಜಿ, ಸಮಯ ಮಾತ್ರ ಎಲ್ಲದಕ್ಕೂ ಮಧ್ಯಾಹ್ನ ಹನ್ನೆರಡು.

ಮೊದಲ ದಿನ ಅವನು ನಕ್ಷೆಯ ಸುರುಳಿ ಹಿಡಿದು ಬಂದ. ಸೊರಗಿದ್ದ. ಅಂಗಿಯ ಕಾಲರನ್ನು ಯಾರೋ ದರಿದ್ರವಾಗಿ ಹೊಲಿದಿದ್ದರು. ಅದನ್ನು ಕಂಡು ಅವಳಿಗೆ ಖುಷಿಯಾಯಿತು.

"ಹೇಗಿದ್ದೀಯ?" ಎಂದ.

"ಅರ್ಜಿ ನಂಬರ್ ಒಂದು. ನಡೀರಿ ಸಾರ್."

ಆ 'ಸಾರ್' ಅವನಿಗೆ ಎಲ್ಲಿ ನಾಟಬೇಕೋ ಅಲ್ಲಿ ನಾಟಿತು. ಬಿಸಿಲು ನೆತ್ತಿ ಸುಡುತ್ತಿತ್ತು. ಕತ್ತರಿ ಕೊರಳಲ್ಲಿ ಅಳತೆ ಟೇಪು ಹಾಕಿಕೊಂಡು ಬೇಕೆಂದೇ ನಿಧಾನವಾಗಿ ನಡೆದಳು. ಕಿಟಕಿ ಕಿಟಕಿಯಲ್ಲೂ ಜನ. ಎರಡು ವಾರ ಕಳೆಯುವಷ್ಟರಲ್ಲಿ ಬೀದಿಯವರು ಅವನಿಗೆ ಗೆರೆರಾಯ ಎಂದು ನಾಮಕರಣ ಮಾಡಿದ್ದರು.

ಹದಿನೇಳನೇ ದಿನ ಅವನ ಕಣ್ಣು ಅಂಗಡಿಯೊಳಗಿನ ಚಿಂದಿಯ ಮೇಲೆ ಬಿತ್ತು. ಕಾಲು ಅಲ್ಲೇ ನಿಂತಿತು.

"ಆ ಬಟ್ಟೆ..."

"ಎಣ್ಣೆ ಚೆನ್ನಾಗಿ ಹೀರುತ್ತೆ ಸಾರ್."

ಅವನು ಏನೋ ಹೇಳಲು ಬಾಯಿ ತೆರೆದ. ಅವಳು ಆಗಲೇ ಹತ್ತು ಹೆಜ್ಜೆ ಮುಂದಿದ್ದಳು. ಮುಖ ಒರೆಸಿಕೊಳ್ಳುವ ನೆಪದಲ್ಲಿ ಅವನು ಕಣ್ಣು ಒರೆಸಿಕೊಂಡದ್ದನ್ನು ಓರೆಗಣ್ಣಲ್ಲಿ ನೋಡಿದಳು. ಒಳಗೆ ತಣ್ಣಗಾಗಬೇಕಿತ್ತು, ಆಗಲಿಲ್ಲ. ಅದಕ್ಕೂ ಅವನ ಮೇಲೆಯೇ ಸಿಟ್ಟು ಬಂತು. ಬೀದಿಯ ಕೊನೆಯಲ್ಲಿ ಅಜ್ಜಿ ಅವನಿಗೆ ಚೊಂಬಿನ ತುಂಬ ನೀರು ಕೊಟ್ಟಳು.

"ನೀನು ಯಾರ ಕಡೆ ಅಜ್ಜಿ?"

"ನೀರು ಕುಡಿಸ್ತೀನಿ ಅಂದೆಯಲ್ಲ, ನಿನಗೆ ಕೈ ಬಿಡುವಿರಲಿಲ್ಲ, ನಾನೇ ಕುಡಿಸ್ದೆ."

ಮೂವತ್ತನೇ ದಿನ ಹನ್ನೆರಡು ಹೊಡೆದರೂ ಅವನು ಬರಲಿಲ್ಲ. ಅವಳು ಎರಡು ಸಲ ಬಾಗಿಲಿಗೆ ಬಂದು ಇಣುಕಿದಳು. ಕೊನೆಗೆ ಕುಂಟುತ್ತ ಬಂದ, ಹಿಮ್ಮಡಿಗೆ ಪಟ್ಟಿ ಸುತ್ತಿತ್ತು. ಅವತ್ತು ಅವಳು ನೆರಳಿನ ಬದಿಯನ್ನು ಅವನಿಗೆ ಬಿಟ್ಟು ತಾನು ಬಿಸಿಲಲ್ಲಿ ನಡೆದಳು.

ನಲವತ್ಮೂರನೇ ಅರ್ಜಿಯನ್ನು ಕೊನೆಯ ದಿನ, ತನ್ನ ಹೆಸರಿನಲ್ಲೇ ಸಲ್ಲಿಸಿದಳು. ಇಷ್ಟು ದಿನದ ನಡಿಗೆಯೆಲ್ಲ ಒಗ್ಗರಣೆ, ಊಟ ಇದೇ. ವಿಚಾರಣೆಯ ದಿನ ಪ್ರತಿ ಅರ್ಜಿಯನ್ನೂ ಗಟ್ಟಿಯಾಗಿ ಓದುತ್ತಾರೆ, ಗೆರೆ ಎಳೆದವರು ಎದ್ದು ನಿಂತು ಉತ್ತರಿಸಬೇಕು.

ಸಭಾಂಗಣ ಕಿಕ್ಕಿರಿದಿತ್ತು. ವಿಚಾರಣೆಯ ಅಧಿಕಾರಿ ಮೇಡಂ ಕನ್ನಡಕ ಸರಿಮಾಡಿಕೊಂಡು ಓದಿದರು: "ಈ ಗೆರೆ ಎಳೆದವರು ಮೂರು ವರ್ಷದ ಹಿಂದೆ ಮದುವೆಗೆಂದು ನೋಂದಣಿ ಕಚೇರಿಗೆ ಕರೆದು, ತಾವೇ ಬಾರದೆ ಕೈಕೊಟ್ಟವರು. ಮಾತಿಗೆ ತಪ್ಪಿದವರ ಗೆರೆಯನ್ನು ನಾವೇಕೆ ಒಪ್ಪಬೇಕು?"

ಸಭೆಯಲ್ಲಿ ಗುಸುಗುಸು ಎದ್ದಿತು. ಅವನ ಮುಖ ಕೆಂಪಾಯಿತು. ಮೂರು ವರ್ಷ ಅವಳು ಕನಸು ಕಂಡದ್ದು ಈ ಮುಖವನ್ನೇ.

"ನಾನು ಹತ್ತಕ್ಕೇ ಹೋಗಿದ್ದೆ ಮೇಡಂ," ಎಂದ. "ಐದೂವರೆವರೆಗೂ ಇದ್ದೆ."

"ಸುಳ್ಳು! ನಾನು ಮಾರ್ಕೆಟ್ ಹತ್ತಿರದ ಕಚೇರಿ ಮೆಟ್ಟಿಲ ಮೇಲೇ ಇದ್ದೆ."

"ನಿಮ್ಮ ಬೀದಿಯನ್ನ ಅದರ ಹಿಂದಿನ ವಾರವೇ ಬಸ್ ನಿಲ್ದಾಣದ ಹಿಂದಿನ ಕಚೇರಿಗೆ ಸೇರಿಸಿದ್ರು. ಆ ನಕ್ಷೆಯನ್ನೂ ನಾನೇ ಬರೆದಿದ್ದು. ಎಲ್ಲರಿಗೂ ಗೊತ್ತಿರುತ್ತೆ ಅಂದ್ಕೊಂಡೆ." ಅವನು ಪರ್ಸಿನಿಂದ ಮಾಸಿದ ಟೋಕನ್ ಚೀಟಿ ತೆಗೆದು ಮೇಜಿನ ಮೇಲಿಟ್ಟ. ಅದೇ ತಾರೀಕು, ಬೆಳಿಗ್ಗೆ ಹತ್ತು ಗಂಟೆ, ಬಸ್ ನಿಲ್ದಾಣದ ಹಿಂದಿನ ಕಚೇರಿಯ ಮೊಹರು.

"ಎಲ್ಲರೂ ನಿನ್ನ ನಕ್ಷೆ ನೋಡ್ಕೊಂಡು ಕೂತಿರ್ತಾರಾ?" ಆ 'ಸಾರ್' ಎಲ್ಲಿ ಹೋಯಿತೋ ಅವಳಿಗೇ ತಿಳಿಯಲಿಲ್ಲ. "ಹುಡುಕ್ಕೊಂಡು ಬರೋಕೆ ಏನಾಗಿತ್ತು?"

"ನಾನು ಆಚೆ ಹೋದಾಗ ನೀನು ಬಂದುಬಿಟ್ರೆ ಅಂತ ಕದಲಲಿಲ್ಲ. ಹನ್ನೊಂದು ಸಲ ಫೋನ್ ಮಾಡ್ದೆ. ಹನ್ನೆರಡನೇ ಸಲಕ್ಕೆ ಬ್ಲಾಕ್ ಆಗಿತ್ತು. ಅದೇ ನಿನ್ನ ಉತ್ತರ ಅಂದ್ಕೊಂಡೆ."

ಕೊಯ್ದ ಮೂಗು ಯಾರದೆಂದು ಅವಳಿಗೆ ಆಗ ತಿಳಿಯಿತು. ನಾಚಿಕೆಯಾಯಿತು. ನಾಚಿಕೆಯ ಹಿಂದೆಯೇ ನಗು ಬಂತು, ಅದನ್ನು ಹಲ್ಲು ಕಚ್ಚಿ ತಡೆದಳು.

"ಗೆರೆಯ ವಿಷಯ ಏನಾಯ್ತು?" ಎಂದರು ಮೇಡಂ.

"ಗೆರೆ ತಪ್ಪು ಮೇಡಂ. ಕಚೇರಿಯಲ್ಲಿ ಕೂತು ತಲೆ ಎಣಿಸಿ ಎಳೆದಿದ್ದೆ. ನಲವತ್ತೆರಡು ಸಲ ನಡೆದ ಮೇಲೆ ಗೊತ್ತಾಯ್ತು. ಕಾಲುವೆ ಆಚೆಯ ಕ್ವಾರ್ಟರ್ಸನ್ನ ಪಕ್ಕದ ಕ್ಷೇತ್ರಕ್ಕೆ ಬಿಟ್ಟರೆ ಎರಡೂ ಕಡೆ ತಲೆ ಲೆಕ್ಕ ಸಮ ಆಗುತ್ತೆ, ಕ್ವಾರ್ಟರ್ಸಿನವರೂ ಅದನ್ನೇ ಕೇಳ್ತಿದ್ದಾರೆ. ಈ ಬೀದಿ ಒಡೆಯೋದು ಬೇಡ."

ಮೇಡಂ ನಲವತ್ತೆರಡು ಅರ್ಜಿಗಳನ್ನೂ ಒಪ್ಪಿದರು. ಅಜ್ಜಿ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದಳು.

"ನಲವತ್ಮೂರನೇದನ್ನ ಹಿಂದಕ್ಕೆ ತಗೋತೀರಾ?"

"ಇಲ್ಲ ಮೇಡಂ. ಅದರ ಸ್ಥಳ ಪರಿಶೀಲನೆ ಬಾಕಿ ಇದೆ."

ಹೊರಗೆ ವರಾಂಡದಲ್ಲಿ ಅವನು ಸುರುಳಿ ಹಿಡಿದು ನಿಂತಿದ್ದ.

"ಯಾವ ಸ್ಥಳಕ್ಕೆ ಬರಲಿ?"

"ನೀನು ಸ್ಥಳ ಹುಡುಕೋದೇ ಬೇಡ. ನನ್ನ ಅಂಗಡಿ ಬಾಗಿಲಿಗೆ ಬಾ. ಅಲ್ಲಿಂದ ನೋಂದಣಿ ಕಚೇರಿವರೆಗೂ ಇಬ್ಬರೂ ಜೊತೆಗೆ ನಡೀಬೇಕು, ಕೊನೆಗೆ ಒಂದೇ ಹಾಳೆಯಲ್ಲಿ ಸಹಿ ಹಾಕ್ಬೇಕು. ನಿಮ್ಮದೇ ನಿಯಮ."

ಅವನು ನಕ್ಷೆಯ ಸುರುಳಿಯನ್ನು ಕಂಕುಳಿಗೆ ಸಿಕ್ಕಿಸಿಕೊಂಡ.

"ಎಷ್ಟು ಗಂಟೆಗೆ?"

"ಮಧ್ಯಾಹ್ನ ಹನ್ನೆರಡಕ್ಕೆ."

"ಬಿಸಿಲಲ್ಲೇ?"

"ಬಿಸಿಲಲ್ಲೇ. ಮೂರು ವರ್ಷ ಕಾಯಿಸಿದ್ದೀಯ, ಅಷ್ಟು ಸುಲಭಕ್ಕೆ ಬಿಡ್ತೀನಾ?" ಕೈ ತಾನಾಗಿ ಅವನ ಕಾಲರಿಗೆ ಹೋಯಿತು, ಬಿಟ್ಟಿದ್ದ ದಾರವನ್ನು ಪಟ್ಟನೆ ಕಿತ್ತಳು. "ಇದನ್ನೂ ತಗೊಂಡು ಬಾ, ಬಿಚ್ಚಿ ಹೊಲಿತೀನಿ. ನೋಡೋಕಾಗ್ತಿಲ್ಲ."

"ಕುಡಿಯೋಕೆ ನೀರಾದ್ರೂ ಕೊಡ್ತೀಯ?"

"ಅಜ್ಜಿನ ಕೇಳು," ಎಂದಳು ಕತ್ತರಿ.