ನಲವತ್ಮೂರನೆಯ ವಸ್ತು

೨೦೧೯ರ ಮಾರ್ಚ್ ೧೨, ಮಂಗಳವಾರ. ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ ಹೆನಾನ್ ಪ್ರಾಂತ್ಯದ ಶಿಲಿಯು ಪಟ್ಟಣದ ಠಾಣೆಗೆ ಧಾರ್ಮಿಕ ವ್ಯವಹಾರಗಳ ಕಚೇರಿಯ ಗುಮಾಸ್ತೆ ತಾನ್ ಮೇಡಂ ಬಂದರು. ಇನ್ಸ್‌ಪೆಕ್ಟರ್ ಗೆಂಗ್ ಶಿಯಾನ್‌ಮಿನ್ ಆಗಿನ್ನೂ ಮೆಣಸಿನ ಸೂಪು ಕುಡಿಯುತ್ತಿದ್ದರು.

"ಪಂಚನಾಮೇಲಿ ನಲವತ್ಮೂರು ವಸ್ತು ಅಂತ ಬರ್ದಿದೀರಿ. ನೀವು ಕಳಿಸಿದ ಜಪ್ತಿ ಗಂಟು ನಿನ್ನೆ ಬಿಚ್ಚಿದ್ರೆ ನಲವತ್ತೆರಡೇ ಇವೆ."

"ಏನು ಕಮ್ಮಿ?"

"ಒಂದು ನೋಟ್‌ಬುಕ್ಕು."

"ಅದಕ್ಕೆ ಇಷ್ಟು ಗಲಾಟೆನಾ ತಾಯಿ?"

"ಪೊಲೀಸರ ಕೈಯಿಂದ್ಲೇ ಮಾಲು ಮಾಯ ಆದ್ರೆ ಗಲಾಟೆ ಅಲ್ವಾ? ದೂರು ಬರ್ಕೊಳ್ಳಿ."

೯.೪೦ಕ್ಕೆ ಎಫ್‌ಐಆರ್ ದಾಖಲಾಯಿತು. ಸೂಪು ಆರಿ ತಣ್ಣಗಾಯಿತು.

ಹಿಂದಿನ ಭಾನುವಾರ ಶ್ಯಾವಿಗೆ ಗಿರಣಿಯ ಮಹಡಿಯ ಮೇಲೆ ಒಂಬತ್ತು ಮುದುಕಿಯರು ಅನುಮತಿಯಿಲ್ಲದೆ ಯೇಸುವಿನ ಪ್ರಾರ್ಥನೆ ಮಾಡುತ್ತಿದ್ದಾರೆಂದು ಸುಳಿವು ಬಂದಿತ್ತು. ಅವರನ್ನು ಹಿಡಿಯಲು ಗೆಂಗ್ ಆರು ಜನ ಪೇದೆಗಳನ್ನು ಕರೆದುಕೊಂಡು ಹೋಗಿದ್ದರು. ಬೆನ್ನು ತಟ್ಟಿಕೊಳ್ಳುವ ದಾಳಿಯೇನಲ್ಲ ಅದು, ಯಾರೂ ತಟ್ಟಿಕೊಳ್ಳಲೂ ಇಲ್ಲ. ಬೈಬಲ್‌ಗಳು, ಹಾಡಿನ ಪುಸ್ತಕಗಳು, ಒಂದು ಮರದ ಶಿಲುಬೆ, ಒಂದು ಟೇಪ್‌ರೆಕಾರ್ಡರ್ ಜಪ್ತಿಯಾದವು. ಇಪ್ಪತ್ನಾಲ್ಕು ವರ್ಷದ ಸಹಾಯಕ ಪೇದೆ ಚಿಯಾವ್ ಲೆಯ್ ಪಂಚನಾಮೆ ಬರೆದಿದ್ದ. ಠಾಣೆಯಲ್ಲಿ ಅವನಷ್ಟು ಮುದ್ದಾಗಿ ಬರೆಯುವವರು ಇನ್ನೊಬ್ಬರಿರಲಿಲ್ಲ.

ಗೆಂಗ್ ಜಪ್ತಿಯ ಫೋಟೋ ತೆಗೆದು ನೋಡಿದರು. ನಲವತ್ಮೂರನೆಯದು ಶಾಲೆಯ ನೋಟ್‌ಬುಕ್ಕು. ಯಾವುದೋ ಮಗು ಪೆನ್ಸಿಲಿನಲ್ಲಿ ಹಾಡುಗಳನ್ನು ಬರೆದಿತ್ತು. ಕಷ್ಟದ ಪದಗಳು ಬಂದ ಕಡೆ ಅಕ್ಷರದ ಬದಲು ಪುಟ್ಟ ಚಿತ್ರ: ಕುರಿ, ದೀಪ, ಬಾವಿ. ಓದು ಬಾರದವರಿಗಾಗಿ ಮಾಡಿಕೊಟ್ಟ ಪುಸ್ತಕವೆಂದು ಯಾರಿಗಾದರೂ ತಿಳಿಯುತ್ತಿತ್ತು. ಪಂಚನಾಮೆಯಲ್ಲಿ ವಾರಸುದಾರಳ ಹೆಸರು ನಿಯು ಗುಯಿಯಿಂಗ್ ಎಂದಿತ್ತು.

೧೧.೦೫ಕ್ಕೆ ಗೆಂಗ್ ಆಕೆಯ ಮನೆಯಲ್ಲಿದ್ದರು.

"ಆ ಪುಸ್ತಕ ಈಗ ನಿಮ್ಮ ಹತ್ರ ಇದ್ಯಾ ಅಜ್ಜಿ?"

"ಇಲ್ಲ ಸಾಹೇಬ್ರೇ."

"ಬರ್ಕೊಟ್ಟೋರು ಯಾರು?"

ಅಜ್ಜಿ ಬಾಯಿ ಬಿಡಲಿಲ್ಲ.

"ಸುಳ್ಳು ಹೇಳಬಾರ್ದು ಅಂತಾರಲ್ಲ ನಿಮ್ಮೋರು?"

"ಅದಕ್ಕೇ ಸುಮ್ಮನಿದೀನಿ."

ಗೆಂಗ್‌ಗೆ ನಗು ಬಂತು, ನುಂಗಿಕೊಂಡರು. ಗುರುತಿನ ಚೀಟಿ ಕೇಳಿದರು. ಭಾನುವಾರ ಒಂಬತ್ತು ಜನರಲ್ಲಿ ಅದನ್ನು ತಂದಿರದವಳು ಈಕೆ ಒಬ್ಬಳೇ. ಚೀಟಿಯಲ್ಲಿ ಹುಟ್ಟಿದ ದಿನ ೧೯೪೩ರ ಜನವರಿ ೧೩ ಎಂದಿತ್ತು. ಪಂಚನಾಮೆಯಲ್ಲಿ ೧೯೪೨, ಹನ್ನೆರಡನೆಯ ತಿಂಗಳು, ಎಂಟನೆಯ ದಿನ.

"ಮೊನ್ನೆ ನಿಮ್ಮ ಹುಟ್ಟಿದ ದಿನ ಕೇಳ್ದೋರು ಯಾರು?"

"ಯಾರೂ ಕೇಳ್ಲಿಲ್ವಲ್ಲ," ಎಂದವಳು ತಕ್ಷಣ ಅಂಗಿಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

ಎರಡೂ ಒಂದೇ ದಿನ. ಚೀಟಿಯದು ಸರ್ಕಾರದ ಲೆಕ್ಕ, ಇನ್ನೊಂದು ಹಳೆಯ ಚಾಂದ್ರಮಾನದ ಲೆಕ್ಕ, ಚಳಿಗಾಲದ ಹಬ್ಬಕ್ಕೆ ಮನೆಮನೆಯಲ್ಲೂ ಎಂಟು ಧಾನ್ಯದ ಗಂಜಿ ಬೇಯುವ ದಿನ. ಅಜ್ಜಿಯ ಹುಟ್ಟುಹಬ್ಬ ಅಂದು ಎಂದು ಗೊತ್ತಿರುವುದು ಆ ಮನೆಯಲ್ಲಿ ಕೂತು ಗಂಜಿ ಉಂಡವರಿಗೆ ಮಾತ್ರ. ನೋಡಬಾರದಿತ್ತು ಎಂದು ಗೆಂಗ್‌ಗೆ ಅನ್ನಿಸಿತು. ಆದರೆ ನೋಡಿಯಾಗಿತ್ತು.

ಮಧ್ಯಾಹ್ನ ೨.೧೫ಕ್ಕೆ ಚಿಯಾವ್ ಲೆಯ್‌ನನ್ನು ಒಳಗೆ ಕರೆಸಿದರು.

"ನಿಯು ಅಜ್ಜಿ ಹಬ್ಬದ ಗಂಜಿ ದಿನ ಹುಟ್ಟಿದ್ದು ಅಂತ ನಿಂಗೆ ಹೇಳಿದ್ಯಾರು?"

ಹುಡುಗ ಪಂಚನಾಮೆಯನ್ನು ನೋಡಿದ. ಹೋಗಿ ತನ್ನ ಬೀರುವಿನಿಂದ ನೋಟ್‌ಬುಕ್ಕು ತಂದು ಮೇಜಿನ ಮೇಲಿಟ್ಟ.

"ನನ್ನ ಅಮ್ಮನ ಅಮ್ಮ ಸರ್. ಅಪ್ಪ ಅಮ್ಮ ದೂರದ ಕಾರ್ಖಾನೇಲಿದ್ರು, ಸಾಕಿದ್ದು ಅವಳೇ. ಮೂರನೇ ಕ್ಲಾಸಲ್ಲಿ ಬರ್ಕೊಟ್ಟಿದ್ದೆ."

"ಕೆಲಸಕ್ಕೆ ಸೇರುವಾಗ ಮನೇಲಿ ಭಕ್ತರು ಯಾರೂ ಇಲ್ಲ ಅಂತ ಸಹಿ ಹಾಕಿದೀಯ."

"ಹೌದು ಸರ್."

"ಅದು ಬಯಲಾಗುತ್ತೆ ಅಂತ ಕದ್ಯಾ?"

"ಅಲ್ಲ ಸರ್. ಅವಳ ಕೈಯಿಂದ ಕಿತ್ಕೊಂಡೋನು ನಾನೇ. ನಿಮ್ಮೆದುರಿಗೆ, 'ಏಯ್ ಮುದ್ಕಿ, ನಿನ್ನ ಹೆಸ್ರೇನು' ಅಂದೆ. ಎಲ್ಲಿ ನನ್ನ ಕೆಲ್ಸ ಹೋಗುತ್ತೋ ಅಂತ ಅವಳು ಗುರುತೇ ಇಲ್ಲದ ಹಾಗೆ, 'ನಿಯು ಗುಯಿಯಿಂಗ್, ಸಾಹೇಬ್ರೇ' ಅಂದ್ಲು. ನನ್ನ ಸಾಹೇಬ್ರೇ ಅಂದ್ಲು ಸರ್."

ಗೆಂಗ್ ಕೇಳಿದರು: "ಪುಸ್ತಕ ಕೊಟ್ಟೆ ತಾನೇ?"

"ಸೋಮವಾರ ಬೆಳಿಗ್ಗೆ ತಗೊಂಡು ಹೋದೆ. ಮುಟ್ಟಲಿಲ್ಲ. ಕದ್ದ ಮಾಲು ನಂಗೆ ಬೇಡ, ಎಲ್ಲಿತ್ತೋ ಅಲ್ಲೇ ಇಟ್ಟು ಬಾ ಅಂದ್ಲು. ನಾ ಬರೋ ಹೊತ್ತಿಗೆ ಗಂಟು ತಾನ್ ಮೇಡಂ ಕಚೇರಿಗೆ ಹೋಗಿತ್ತು."

೩.೩೦ಕ್ಕೆ ಬಂಧನವಾಯಿತು. ವರದಿಯ 'ಕಾರಣ' ಎಂಬ ಜಾಗದಲ್ಲಿ ಗೆಂಗ್ ಬಹಳ ಹೊತ್ತು ಯೋಚಿಸಿ ಬರೆದರು: ಆರೋಪಿಗೆ ತಾನು ಮಾಡಿದ್ದಕ್ಕೆ ನಾಚಿಕೆಯಾಗಿತ್ತು.

ಬುಧವಾರ ಬೆಳಿಗ್ಗೆ ಜಿಲ್ಲೆಯ ಮೇಲಧಿಕಾರಿಯ ಫೋನು ಬಂತು.

"ನಾಚಿಕೆ ಅನ್ನೋದು ಯಾವ ಕಲಮಿನಲ್ಲಿದೆ ಗೆಂಗ್? ಅಜ್ಜಿಯ ಪ್ರಚೋದನೆ ಅಂತ ಬರಿ."

"ವಾಪಸ್ ಇಡು ಅಂತ ಹೇಳ್ದೋಳು ಸರ್ ಅವಳು."

"ಅಂಥವಳ ಮೊಮ್ಮಗನ್ನ ಪೇದೆ ಮಾಡ್ಕೊಂಡು ಕೂತಿದ್ದೆಯಲ್ಲ, ಅದನ್ನ ನಾನು ಬರೀಲಾ?"

ಗೆಂಗ್‌ಗೆ ನಿವೃತ್ತಿಗೆ ಇನ್ನೆರಡು ವರ್ಷವಿತ್ತು. ನಾಚಿಕೆ ಎಂಬ ಪದವನ್ನು ಹೊಡೆದುಹಾಕಿ, ಹೇಳಿದಂತೆ ಬರೆದು ಸಹಿ ಹಾಕಿದರು. ಪ್ರಚೋದನೆ ಎಂಬ ಆ ಒಂದು ಪದದಿಂದ ಅಜ್ಜಿ ಎರಡನೆಯ ಆರೋಪಿಯಾದಳು.

ಹನ್ನೊಂದು ಗಂಟೆಗೆ ಆಕೆಯನ್ನು ಕರೆತಂದರು. ವರದಿಯಲ್ಲಿ ಏನು ಬರೆದಿದೆಯೆಂದು ಆಕೆ ಕೇಳಲಿಲ್ಲ, ಓದಿ ಹೇಳುವ ಧೈರ್ಯ ಗೆಂಗ್‌ಗೂ ಇರಲಿಲ್ಲ. ಹೆಬ್ಬೆರಳಿಗೆ ಮಸಿ ಹಚ್ಚುವಾಗ ಒಂದೇ ಮಾತು ಕೇಳಿದಳು.

"ನನ್ನ ಮೊಮ್ಮಗ ಏನಾದ್ರೂ ತಿಂದ್ನಾ?"

"ತಿಂದ ಅಜ್ಜಿ," ಎಂದರು ಗೆಂಗ್. ಅವನು ತಿಂದಿರಲಿಲ್ಲ. ಹೆಬ್ಬೆರಳನ್ನು ಹಿಡಿದು ಕಾಗದಕ್ಕೆ ಒತ್ತಿಸಿದರು, ಆಕೆಯ ಮುಖ ನೋಡಲಿಲ್ಲ.