ಎರವಲು ತಂದ ಊರು

ಫರ್ಗಸ್ ಟ್ರೆಲೋರ್‌ಗೆ ಸಿಟ್ಟು ಬಂದದ್ದು ಪ್ರವೇಶ ಪರೀಕ್ಷೆಯ ಮೇಲಲ್ಲ, ಅಕ್ಕನ ನಗುವಿನ ಮೇಲೆ. ಹೆಟ್ಟಿ ಸುತ್ತುದಾರಿ ಹಿಡಿದವಳು: ಮೊದಲು ಒಂದು ಪದವಿ, ಆಮೇಲೆ ವೈದ್ಯಕೀಯ. ತಾನು ಶಾಲೆ ಮುಗಿದ ಕೂಡಲೇ ರಜೆಯನ್ನೂ ನುಂಗಿಹಾಕುವ ಅವಸರದ ಕೋರ್ಸು ಸೇರಿ ಅವಳಿಗಿಂತ ಮೊದಲೇ ಡಾಕ್ಟರಾಗುತ್ತೇನೆ ಎಂದು ಫರ್ಗಸ್ ಮನೆಯವರೆದುರು ಜಂಬ ಕೊಚ್ಚಿದ್ದ. ಅಂಕ ಕೂದಲೆಳೆಯಷ್ಟು ಕಡಿಮೆ ಬಂತು.

“ಹೋಗ್ಲಿ ಬಿಡೋ. ನನ್ನ ಕ್ಲಿನಿಕ್ಕಲ್ಲಿ ಚೀಟಿ ಬರೆಯೋಕೆ ಒಬ್ರು ಬೇಕಾಗ್ತಾರೆ. ಬುದ್ಧಿ ಇರ್ಲೇಬೇಕು ಅಂತೇನಿಲ್ಲ,” ಎಂದಳು ಹೆಟ್ಟಿ.

ಅದೇ ಅಂಕಕ್ಕೆ ಒಳನಾಡಿನ ಮಕ್ಕಳಿಗೆ ಸೀಟು ಸಿಗುತ್ತಿತ್ತು. ಸಿಡ್ನಿಯ ಕಡಲ ದಂಡೆಯಲ್ಲಿ ಹುಟ್ಟಿದ್ದು ತನ್ನ ತಪ್ಪೇ? ಅಲ್ಲ. ಹಾಗಾದರೆ ಅದನ್ನು ತಿದ್ದಿಕೊಳ್ಳುವ ಹಕ್ಕು ತನಗಿದೆ ಎಂದು ಅವನು ತೀರ್ಮಾನಿಸಿದ. ಸಿಕ್ಕಿಬಿದ್ದರೆ ಯಾವ ವೈದ್ಯಕೀಯ ಕಾಲೇಜೂ ಬಾಗಿಲು ತೆರೆಯುವುದಿಲ್ಲ ಎಂಬುದು ಗೊತ್ತಿತ್ತು. ಆದರೆ ಸಿಕ್ಕಿಬೀಳುವವರು ದಡ್ಡರು ತಾನೇ.

ಡೆಸ್ ಮಾವ ಇದ್ದದ್ದು ದೂರದ ಗಣಿಯೂರು ಬ್ರೋಕನ್ ಹಿಲ್‌ನಲ್ಲಿ. ಹುಡುಗ ಚಿಕ್ಕಂದಿನಿಂದ ತನ್ನ ಮನೆಯಲ್ಲೇ ಬೆಳೆದವನು, ಈಗಲೂ ಇಲ್ಲೇ ಇದ್ದಾನೆ ಎಂದು ಮಾವ ಬರೆದುಕೊಟ್ಟ. ಪ್ರತಿಫಲ ಒಂದು ಪೆಟ್ಟಿಗೆ ಬಿಯರು, ಮುಂದೆ ಮೊಣಕಾಲಿಗೆ ಬಿಟ್ಟಿ ಚಿಕಿತ್ಸೆ. ಮಾವನದ್ದು ಒಂದೇ ದೋಷ, ಹೊತ್ತಿನ ಪರಿವೆ ಇರಲಿಲ್ಲ. ಎಂಟಕ್ಕೆ ಫೋನು ಮಾಡುತ್ತೇನೆಂದರೆ ಎಂಟೂವರೆಗೇ ಮಾಡುತ್ತಿದ್ದ.

“ಮತ್ತೆ ಲೇಟು ಮಾವ!”

“ಯಾರೋ ಲೇಟು? ಗಡಿಯಾರ ನೋಡ್ಕೊಂಡೇ ಮಾಡಿದೀನಿ ಕಣೋ!”

ಬಿಯರಿನ ಪ್ರಭಾವ ಎಂದು ಫರ್ಗಸ್ ದೊಡ್ಡ ಮನಸ್ಸು ಮಾಡಿ ಕ್ಷಮಿಸಿದ.

ಊರನ್ನು ಅವನು ಪಾಠದಂತೆ ಉರುಹೊಡೆದ. ಅದು ಸಿಡ್ನಿಯ ರಾಜ್ಯಕ್ಕೇ ಸೇರಿದ್ದರೂ ಅದರ ಮನಸ್ಸೆಲ್ಲ ಪಕ್ಕದ ರಾಜ್ಯದ ಅಡಿಲೇಡ್ ಕಡೆಗೆ, ಫುಟ್‌ಬಾಲ್ ಕೂಡ ಅಲ್ಲಿನದೇ ಎಂದು ಅರಿತು ತಂಡ ಬದಲಿಸಿದ. ತುರಿದ ಕ್ಯಾರೆಟ್ಟಿಗೆ ತುರಿದ ಚೀಸು ಬೆರೆಸುವ ಅವರ ಕೋಸಂಬರಿಯನ್ನು ಮುಖ ಕಿವಿಚದೆ ತಿನ್ನಲು ಕಲಿತ.

ಸಂದರ್ಶನ ವಿಡಿಯೋದಲ್ಲಿ. ಗ್ಯಾರೇಜಿನ ಒಂದು ಮೂಲೆ ಮಾವನ ಅಡುಗೆಮನೆಯಾಯಿತು: ತಗಡಿನ ಗೋಡೆ, ಮಸಿ ಹಿಡಿದ ಕೆಟಲು, ಮೊಳೆಗೆ ನೇತುಹಾಕಿದ ಹಳೆಯ ಹ್ಯಾಟು. ಮಾವ ಅಂಚೆಯಲ್ಲಿ ಕಳಿಸಿದ ಕೆಂಪು ಧೂಳನ್ನು ಅವನು ಅದರ ಮೇಲೆ ಅಕ್ಕರೆಯಿಂದ ಉದುರಿಸಿದ. ಕೊನೆಗೆ ಗುಜರಿಯಿಂದ ತಂದ ಗೋಡೆ ಗಡಿಯಾರ. ನಿಂತ ಗಡಿಯಾರ ನಾಟಕದ ರಂಗಸಜ್ಜಿಕೆಯಂತೆ ಕಾಣುತ್ತದೆ. ಹಾಗಾಗಿ ಹೊಸ ಬ್ಯಾಟರಿ ಹಾಕಿ, ಮೊಬೈಲು ನೋಡಿ ಸರಿಯಾಗಿ ಇಟ್ಟ. ಇಷ್ಟು ಚೊಕ್ಕ ಕೆಲಸವನ್ನು ಯಾರಿಗೂ ತೋರಿಸುವಂತಿಲ್ಲವಲ್ಲ ಎಂದು ಅವನಿಗೆ ನಿಜಕ್ಕೂ ಬೇಸರವಾಯಿತು.

“ಗ್ಯಾರೇಜಿಂದ ಧೂಳು ಬರ್ತಿದೆಯಲ್ಲೋ,” ಹೆಟ್ಟಿ ಹೊರಗಿನಿಂದ ಕೂಗಿದಳು. “ತಲೆ ಏನಾದ್ರೂ ಕೊಡವ್ಕೊಂಡ್ಯಾ?”

ಸಂದರ್ಶಕರು ಮೂವರು. ಇಬ್ಬರು ಪ್ರಾಧ್ಯಾಪಕರು, ಇನ್ನೊಬ್ಬಾಕೆ ಬ್ರೋಕನ್ ಹಿಲ್‌ನಿಂದಲೇ ಮಾತಾಡುತ್ತಿದ್ದ ನಿವೃತ್ತ ನರ್ಸು ಮಿಸೆಸ್ ಪಾಸ್ಕೋ. ಇಂಥವರೊಬ್ಬರು ಇರುತ್ತಾರೆಂದು ಫರ್ಗಸ್ ಮೊದಲೇ ಊಹಿಸಿದ್ದ. ಫುಟ್‌ಬಾಲ್ ಬಂತು, ಕೋಸಂಬರಿ ಬಂತು, ಡಾಕ್ಟರಿಲ್ಲದೆ ನರಳುವ ಗಣಿಗಾರರ ಮಾತು ಬಂದಾಗ ಕಣ್ಣು ಕೂಡ ಒದ್ದೆಯಾಯಿತು. ಪ್ರಾಧ್ಯಾಪಕರು ತಲೆದೂಗಿದರು. ಹೆಟ್ಟಿಯ ಪೆಚ್ಚುಮೋರೆ ಅವನ ಕಣ್ಣಮುಂದೆ ಆಗಲೇ ಸುಳಿಯುತ್ತಿತ್ತು.

“ಕೊನೇದಾಗಿ ಒಂದು ಮಾತು ಮಗು,” ಎಂದರು ಮಿಸೆಸ್ ಪಾಸ್ಕೋ. “ನಿಮ್ಮ ಗಡಿಯಾರ ಅರ್ಧ ಗಂಟೆ ಮುಂದಿದೆಯಲ್ಲಪ್ಪ.” ಫರ್ಗಸ್ ಹೆಮ್ಮೆಯಿಂದ ನಕ್ಕ. “ಇಲ್ಲ ಮೇಡಂ, ಬೆಳಿಗ್ಗೆ ತಾನೇ ನಾನೇ ಸರಿ ಮಾಡಿಟ್ಟಿದ್ದು. ಊರಲ್ಲಿ ಈಗ ಸರಿಯಾಗಿ ಹತ್ತೂವರೆ.” ಆಕೆ ತಮ್ಮ ಕೈಗಡಿಯಾರವನ್ನು ಕ್ಯಾಮೆರಾದ ಹತ್ತಿರ ಹಿಡಿದರು, ಹತ್ತು. “ಅದು ಸಿಡ್ನಿ ಟೈಮು ಮಗು. ನಮ್ಮೂರಲ್ಲಿ ಮೊದಲಿಂದ್ಲೂ ಅಡಿಲೇಡ್ ಟೈಮೇ. ಇಲ್ಲಿ ಬೆಳೆದ ಮಕ್ಕಳಿಗೆ ಯಾರೂ ಹೇಳಿಕೊಡ್ಬೇಕಾಗಿಲ್ಲ.” ಪ್ರಾಧ್ಯಾಪಕರು ಪೆನ್ನು ಕೆಳಗಿಟ್ಟರು. ಬೆನ್ನ ಹಿಂದೆ ಹೊಸ ಬ್ಯಾಟರಿಯ ಗಡಿಯಾರ ಚುರುಕಾಗಿ ಟಿಕ್ ಟಿಕ್ ಎನ್ನುತ್ತಿತ್ತು. ಡೆಸ್ ಮಾವ ಒಮ್ಮೆಯೂ ತಡವಾಗಿ ಫೋನು ಮಾಡಿದವನಲ್ಲ ಎಂಬುದು ಫರ್ಗಸ್‌ಗೆ ಆಗ ಹೊಳೆಯಿತು.