ಜುಮುಕಿ ನಿಲ್ಲದ ಕಿವಿ

"ಅಲುಗಾಡ್ಬೇಡಿ ಧನ್ಯಾ ಅವ್ರೇ. ಜುಮುಕಿ ಮತ್ತೆ ಕೆನ್ನೆಗೆ ಬಂತು."

"ನಾನೆಲ್ಲಿ ಅಲುಗಾಡ್ದೆ? ನಿಮ್ಮ ಜುಮುಕಿಗೇ ಒಂದು ಕಡೆ ನಿಲ್ಲಕ್ಕೆ ಬರಲ್ಲ."

ರುದ್ರೇಶ್ ನಗಲಿಲ್ಲ. ಸ್ಟ್ಯಾಂಡಿನ ಮೇಲಿದ್ದ ಫೋನನ್ನು ಅವಳ ಕಡೆ ತುಸು ತಿರುಗಿಸಿ ತೋರಿಸಿದ. ಪರದೆಯಲ್ಲಿ ಧನ್ಯಾಳ ಮುಖ. ಹಣೆಯ ಮೇಲೆ ಬೈತಲೆ ಬೊಟ್ಟು ನೀಟಾಗಿ ಕೂತಿತ್ತು, ಕೊರಳಿನ ಕಾಸಿನ ಸರಕ್ಕೂ ಏನೂ ತಕರಾರಿರಲಿಲ್ಲ. ಎಡಗಿವಿಯ ಜುಮುಕಿ ಮಾತ್ರ ಕಿವಿಯ ಸಂಬಂಧವನ್ನೇ ಕಡಿದುಕೊಂಡು ಕೆನ್ನೆಯ ನಡುವೆ ನೇತಾಡುತ್ತಿತ್ತು. ಎಲ್ಲವೂ ಬರೀ ಚಿತ್ರ. ನಿಜವಾದ ಒಡವೆಗಳು ಶೋಕೇಸಿನೊಳಗೆ ತಣ್ಣಗೆ ಮಲಗಿದ್ದವು.

ಮೂಡಿಗೆರೆ ಬಸ್ ಸ್ಟ್ಯಾಂಡಿನ ಹತ್ತಿರ ಇರುವ ಈ ಬಂಗಾರದ ಅಂಗಡಿ ಧನ್ಯಾಳ ಅಪ್ಪ ಚಂದ್ರಶೇಖರಪ್ಪನವರದು. ಪಾರ್ಚ್‌ಮೆಂಟ್ ಕಾಫಿ ಮಾರಿದ ಮೇಲೆ ಕೈಯಲ್ಲಿ ದುಡ್ಡಾಡುವ ಎಸ್ಟೇಟಿನ ಮನೆಯವರು ಅಂಗಡಿಯ ಮುಂದೆಯೇ ಕಾರು ಓಡಿಸಿಕೊಂಡು ಹಾಸನದ, ಮಂಗಳೂರಿನ ದೊಡ್ಡ ಷೋರೂಮುಗಳಿಗೆ ಹೋಗುವುದನ್ನು ನೋಡಿ ನೋಡಿ ಅವರಿಗೆ ಸಾಕಾಗಿತ್ತು. ಕೊನೆಗೆ, ಅಂಗಡಿಗೊಂದು ವೆಬ್ ಪೇಜ್ ಮಾಡಿಸೋಣವೆಂಬ ಮಗಳ ಮಾತಿಗೆ ತಲೆಯಾಡಿಸಿದರು. ಹಾಗೆ ಬಂದವನು ರುದ್ರೇಶ್. ಆಲ್ದೂರಿನ ದಿನಸಿ ಅಂಗಡಿಯವರ ಮಗ. ಹೋಂಸ್ಟೇಗಳಿಗೆ, ಕಾಫಿಪುಡಿ ಅಂಗಡಿಗಳಿಗೆ ವೆಬ್‌ಸೈಟ್ ಮಾಡಿಕೊಡುವವನು. ಅವನು ಮಾಡುತ್ತಿದ್ದ ಈ ಪೇಜಿಗೆ ಆ್ಯಪ್ ಇಳಿಸಿಕೊಳ್ಳುವ ತಾಪತ್ರಯವಿಲ್ಲ. ಲಿಂಕ್ ಒತ್ತಿದರೆ ಫೋನಿನ ಕ್ಯಾಮೆರಾ ನಿಮ್ಮ ಮುಖ ನೋಡಿ, ಅಂಗಡಿಯ ಒಡವೆಯನ್ನು ನಿಮ್ಮ ಮೇಲೇ ತೊಡಿಸಿ ತೋರಿಸುತ್ತದೆ. ಯಾವ ಓಲೆಯನ್ನು ಹೆಚ್ಚು ಜನ ಹಾಕಿ ನೋಡಿದರು ಎಂಬುದು ಸಂಜೆಯೊಳಗೆ ಅಂಗಡಿಗೆ ತಿಳಿಯುತ್ತದೆ. ಅಕ್ಕಸಾಲಿಗರಿಗೆ ಅದನ್ನೇ ಮಾಡಲು ಹೇಳಿದರಾಯಿತು.

"ಕಿವಿಗೆ ಹಾಕ್ದೆ ಓಲೆ ಯಾರು ತಗೋತಾರೆ ಮಾರಾಯ?" ಎಂದು ಮೊದಲ ದಿನ ಚಂದ್ರಶೇಖರಪ್ಪ ಕೇಳಿದ್ದರು. ಆಮೇಲೆ ತಾವೇ ಕದ್ದು ಬೈತಲೆ ಬೊಟ್ಟು ಹಾಕಿ ನೋಡಿಕೊಂಡು ಮಗಳ ಕೈಗೆ ಸಿಕ್ಕಿಬಿದ್ದರು.

ತೊಂದರೆ ಇದ್ದದ್ದು ಜುಮುಕಿಯೊಂದರದ್ದೇ. ಅಮ್ಮ ಶಾಂತಕುಮಾರಿಯ ಕಿವಿಯಲ್ಲಿ ಅದು ನಿಲ್ಲುತ್ತಿತ್ತು. ಅಂಗಡಿ ಗುಡಿಸುವ ತಿಮ್ಮಮ್ಮನ ಕಿವಿಯಲ್ಲಿ ನಿಲ್ಲುತ್ತಿತ್ತು. ಗಡ್ಡದ ರುದ್ರೇಶನ ಕಿವಿಯಲ್ಲೂ ಅಂದವಾಗಿ ತೂಗುತ್ತಿತ್ತು. ಧನ್ಯಾಳ ಕಿವಿಯಲ್ಲಿ ಮಾತ್ರ ಇಲ್ಲ.

ಕಾರಣ ಧನ್ಯಾಳಿಗೆ ಗೊತ್ತಿತ್ತು. ಅವನು ಬಾಯಿ ತೆರೆದರೆ ಸಾಕು, ಅವಳ ಮುಖ ತಾನಾಗಿ ಅವನ ಕಡೆ ವಾಲುತ್ತಿತ್ತು. ಗಟ್ಟಿಯಾಗಿ ಹಿಡಿದು ನಿಲ್ಲಿಸಿಕೊಳ್ಳಬಹುದಿತ್ತು. ಆದರೆ ಜುಮುಕಿ ನಿಂತರೆ ಕೆಲಸ ಮುಗಿಯಿತು, ಕೆಲಸ ಮುಗಿದರೆ ಅವನು ಲ್ಯಾಪ್‌ಟಾಪ್ ಮಡಚಿಕೊಂಡು ಹೊರಟ. ಇಷ್ಟು ಸಣ್ಣ ಊರಿನಲ್ಲಿ ಕಾರಣವಿಲ್ಲದೆ ಒಬ್ಬ ಹುಡುಗನನ್ನು ಎರಡನೇ ಸಲ ಎಲ್ಲಿ ನೋಡುವುದು? ಸಾಲದ್ದಕ್ಕೆ ಈ ಭಾನುವಾರ ತರೀಕೆರೆಯ ರೈಸ್ ಮಿಲ್ಲಿನವರು ಅವಳನ್ನು ನೋಡಲು ಬರುವವರಿದ್ದರು. ಅವಳಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಒರೆಸಿದ ಗಾಜನ್ನೇ ಒರೆಸುತ್ತಿದ್ದಳು, ಜೋಡಿಸಿದ ಬಳೆಗಳನ್ನೇ ಜೋಡಿಸುತ್ತಿದ್ದಳು.

"ಇನ್ನೊಂದ್ಸಲ ನೋಡೋಣ. ನಾನು ಮಾತೇ ಆಡಲ್ಲ," ಎಂದ ರುದ್ರೇಶ್.

ಅವನು ಸುಮ್ಮನಾದ. ಜುಮುಕಿ ಕಿವಿಯಲ್ಲೇ ನಿಂತಿತು. ಅವನು ಮೆಲ್ಲಗೆ ಅವಳ ಎಡಕ್ಕೆ ಸರಿದು, "ಈಗ ಸರಿ ಇದೆ," ಎಂದ. ಜುಮುಕಿ ಜಾರಿತು. ಬಲಕ್ಕೆ ಹೋಗಿ ಸುಮ್ಮನೆ ಕೆಮ್ಮಿದ. ಈ ಸಲ ಇನ್ನೊಂದು ಜುಮುಕಿ ಮೂಗಿನ ದಾರಿ ಹಿಡಿಯಿತು.

ರುದ್ರೇಶ್ ಪರದೆಯನ್ನು ನೋಡಿದ. ಅವಳನ್ನು ನೋಡಿದ. ಮತ್ತೆ ಪರದೆಯನ್ನು ನೋಡಿದ. ಧನ್ಯಾಳಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಅವನು ಏನೋ ಹೇಳಲು ಹೊರಟ, ಅಷ್ಟರಲ್ಲಿ ಗಲ್ಲಾದ ಹತ್ತಿರದಿಂದ ಚಂದ್ರಶೇಖರಪ್ಪನವರ ಗಂಟಲು ಅಂಗಡಿ ತುಂಬಿತು.

"ಯಾರ್ ಹೇಳಿದ್ರು ನಿಮ್ಗೆ? ಇಲ್ಲ ಓಂಕಾರಮೂರ್ತಿ, ಆಣೆ ಮಾಡಿ ಹೇಳ್ತೀನಿ, ಅಂಥದ್ದೇನೂ ಆಗಿಲ್ಲ!"

ಫೋನಿಟ್ಟು ಅವರು ತಲೆಯ ಮೇಲೆ ಕೈ ಹೊತ್ತು ಕೂತರು. ಆಗಿದ್ದು ಇಷ್ಟು. ಬೆಳಿಗ್ಗೆ ಪೂಜೆ ಮುಗಿಸಿದ ಉತ್ಸಾಹದಲ್ಲಿ ಅವರು ಆ ಪೇಜಿನ ಲಿಂಕನ್ನು ಯಾರನ್ನೂ ಕೇಳದೆ ನೆಂಟರ ಗ್ರೂಪಿಗೆ ಹಾಕಿದ್ದರು. ಜೊತೆಗೆ, ಯಾವ ಶುಭಕಾರ್ಯಕ್ಕೂ ಅವರು ಬರೆಯುವ ಸಾಲು: "ಇಂದಿನಿಂದ ಹೊಸ ಹೆಜ್ಜೆ. ತಮ್ಮೆಲ್ಲರ ಆಶೀರ್ವಾದವಿರಲಿ." ಅದರ ಕೆಳಗೆ ದೊಡ್ಡದಾಗಿ ಕಂಡದ್ದು, ರುದ್ರೇಶ್ ಸ್ಯಾಂಪಲ್ಲಿಗೆಂದು ಪೇಜಿನಲ್ಲಿ ಹಾಕಿದ್ದ ಫೋಟೋ: ಮದುವಣಗಿತ್ತಿಯ ಪೂರ್ತಿ ಸೆಟ್ಟಿನಲ್ಲಿ ನಗುತ್ತಿರುವ ಧನ್ಯಾ.

ನೆಂಟರು ಮನಸಾರೆ ಆಶೀರ್ವದಿಸಿದ್ದರು. ಭದ್ರಾವತಿಯ ಚಿಕ್ಕಮ್ಮ, ಹುಡುಗನ ಫೋಟೋ ಯಾಕೆ ಹಾಕಿಲ್ಲ ಎಂದು ಮುನಿಸಿಕೊಂಡಿದ್ದರು. ಈಗ ಫೋನ್ ಮಾಡಿದ್ದ ಓಂಕಾರಮೂರ್ತಿ ಮಿಲ್ಲಿನವರ ಸಂಬಂಧ ತಂದ ಬಂಧು. ನೋಡಲು ಬರುವ ಮುಂಚೆಯೇ ಬೇರೆ ಕಡೆ ನಿಶ್ಚಯ ಮಾಡಿಬಿಟ್ಟಿರಲ್ಲ, ನನ್ನ ಮಾನ ಏನಾಗಬೇಕು ಎಂಬುದು ಅವರ ಕೂಗು.

"ರುದ್ರೇಶ, ಮೊದ್ಲು ಆ ಫೋಟೋ ತೆಗಿ. ಧನ್ಯಾ, ನೀನು ಬರಿ," ಎಂದು ಚಂದ್ರಶೇಖರಪ್ಪ ತಮ್ಮ ಫೋನನ್ನು ಮಗಳ ಕೈಗಿಟ್ಟರು. ಅವರ ಮೆಸೇಜುಗಳನ್ನು ಟೈಪ್ ಮಾಡುವವಳು ಹೆಚ್ಚಾಗಿ ಅವಳೇ. "ಅದು ಬರೀ ಅಂಗಡಿ ಜಾಹೀರಾತು, ನಿಶ್ಚಯ ಏನೂ ಆಗಿಲ್ಲ, ಭಾನುವಾರ ಖಂಡಿತ ಬನ್ನಿ ಅಂತ ಬರಿ."

ಅಷ್ಟರಲ್ಲಿ ಕೊಟ್ಟಿಗೆಹಾರದ ಎಸ್ಟೇಟಿನ ಸಾವಿತ್ರಮ್ಮ ಫೋನನ್ನು ಎತ್ತಿ ಹಿಡಿದುಕೊಂಡೇ ಒಳಗೆ ಬಂದರು. "ಯಾರೋ ಕಳಿಸಿದ್ರು ಕಣ್ರೀ. ಮನೇಲಿ ಕೂತು ಎಲ್ಲಾ ಹಾಕ್ಕೊಂಡು ನೋಡ್ದೆ. ನಂಗೆ ಈ ಬೆಂಡೋಲೆನೇ ಬೇಕು." ಚಂದ್ರಶೇಖರಪ್ಪನವರಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಟ್ರೇ ತೆಗೆದುಕೊಂಡು ಅವರ ಕಡೆ ನಡೆದರು.

ಧನ್ಯಾ ಮೆಸೇಜ್ ಬರೆದಳು. ಪೂರ್ತಿ ಬರೆದಳು. ಕಳಿಸುವ ಗುಂಡಿಯ ಮೇಲೆ ಹೆಬ್ಬೆರಳು ಹೋಗಿ ನಿಂತಿತು. ಪಕ್ಕದಲ್ಲಿ ರುದ್ರೇಶ್ ಲ್ಯಾಪ್‌ಟಾಪ್ ತೆರೆದು, ಫೋಟೋ ಅಳಿಸುವ ಜಾಗಕ್ಕೆ ಬಂದು, ಅಲ್ಲೇ ಕೂತಿದ್ದ.

"ತೆಗೀರಿ," ಎಂದಳು ಮೆಲ್ಲಗೆ.

"ನೀವು ಕಳಿಸಿ. ಆಮೇಲೆ ತೆಗೀತೀನಿ."

"ನೀವು ಮೊದ್ಲು."

ಇಬ್ಬರೂ ಅಲುಗಾಡಲಿಲ್ಲ. ಹೊರಗೆ ಯಾವುದೋ ಜೀಪು ಒಂದೇ ಸಮ ಹಾರ್ನ್ ಹೊಡೆಯುತ್ತಿತ್ತು.

"ರುದ್ರೇಶ್, ನಾನಿದನ್ನ ಕಳಿಸಿದ್ರೆ ಭಾನುವಾರ ಅವ್ರು ಬರ್ತಾರೆ. ಅಪ್ಪಾಜಿ ಒಪ್ಕೊಂಡ್ರೆ ಅಲ್ಲಿಗೆ ಮುಗೀತು. ನಿಮ್ಗೆ ಏನೂ ಅನ್ಸಲ್ವಾ?"

ಅವನು ಕೀಲಿಮಣೆ ನೋಡುತ್ತಲೇ ಹೇಳಿದ. "ಜುಮುಕಿ ಯಾಕೆ ಜಾರುತ್ತೆ ಅಂತ ಹೋದ ವಾರನೇ ಡೌಟ್ ಬಂತು. ನಂಗೇ ಹುಚ್ಚು ಹಿಡಿದಿರ್ಬೇಕು ಅನ್ಕೊಂಡೆ. ಇವತ್ತು ಪರೀಕ್ಷೆ ಮಾಡ್ದೆ."

"ಗೊತ್ತಾದ್ಮೇಲೂ ಸುಮ್ನೆ ಕೂತಿದೀರಲ್ಲ!"

"ನಿಮ್ಮಪ್ಪಾಜಿ ಬಂಗಾರದ ಟ್ರೇನ ನನ್ನ ಮುಂದೆ ಇಟ್ಟು ಊಟಕ್ಕೆ ಹೋಗ್ತಾರೆ ಧನ್ಯಾ. ಅಷ್ಟು ನಂಬಿದಾರೆ. ಅವ್ರ ಮಗಳ ಮೇಲೆ ಕಣ್ಣಿಟ್ಟೆ ಅಂತ ಯಾವ ಬಾಯಲ್ಲಿ ಹೇಳ್ಲಿ?"

ಬರೀ ಧನ್ಯಾ. 'ಅವ್ರೇ' ಎಲ್ಲೋ ಬಿದ್ದುಹೋಗಿತ್ತು. ಅದು ಕಿವಿಗೆ ಬಿದ್ದದ್ದೇ ಅವಳ ಹೆದರಿಕೆ ಅರ್ಧ ಇಳಿಯಿತು.

"ಹುಚ್ಚಲ್ಲ," ಎಂದಳು. "ನೀವು ಮಾತಾಡಿದ್ರೆ ನಿಮ್ಮ ಕಡೆ ನೋಡ್ದೆ ಇರಕ್ಕೆ ನಂಗಾಗಲ್ಲ. ನೀವು ಇಷ್ಟ ನಂಗೆ. ತುಂಬಾ ಇಷ್ಟ. ಇನ್ನು ನೀವು ಏನಾದ್ರೂ ಹೇಳಿ, ಇಲ್ಲಾಂದ್ರೆ ಕಳಿಸಿಬಿಡ್ತೀನಿ."

ರುದ್ರೇಶ್ ತಲೆಯೆತ್ತಿದ. ಕ್ಯಾಮೆರಾದ ಮೂಲಕವಲ್ಲದೆ ಅವಳನ್ನು ಅವನು ಅಷ್ಟು ಹೊತ್ತು ನೋಡಿದ್ದು ಅದೇ ಮೊದಲು. ಕಣ್ಣು, ಹಣೆಯ ಮೇಲೆ ಸಡಿಲಾದ ಕೂದಲು. ಅವನು ಫೋಟೋ ಅಳಿಸದೆಯೇ ಲ್ಯಾಪ್‌ಟಾಪನ್ನು ಮುಚ್ಚಿದ.

"ಕಳಿಸಿದ್ಯೇನವ್ವಾ?" ಚಂದ್ರಶೇಖರಪ್ಪ ಅಲ್ಲಿಂದಲೇ ಕೇಳಿದರು.

"ಇಲ್ಲ ಅಪ್ಪಾಜಿ."

"ಯಾಕೆ?"

ಧನ್ಯಾ ಬಾಯಿ ತೆರೆಯುವ ಮುಂಚೆಯೇ ರುದ್ರೇಶ್ ಎದ್ದು ನಿಂತ.

"ಸರ್, ನಾನೂ ಫೋಟೋ ತೆಗೆದಿಲ್ಲ. ಧನ್ಯಾ ಅಂದ್ರೆ ನಂಗೆ ಇಷ್ಟ. ನಿಮ್ಮ ಅಂಗಡಿಲಿ ಕೂತು ಇಷ್ಟು ದಿನ ಅದನ್ನ ಮುಚ್ಚಿಟ್ಟಿದ್ದು ತಪ್ಪೇ. ಕೆಲಸ ಬಿಡು ಅಂದ್ರೆ ಈಗ್ಲೇ ಬಿಡ್ತೀನಿ ಸರ್. ಅವ್ರನ್ನ ಬಿಡು ಅಂದ್ರೆ ನಂಗಾಗಲ್ಲ."

ಸಾವಿತ್ರಮ್ಮ ಒಂದು ಕಿವಿಗೆ ಬೆಂಡೋಲೆ ಹಾಕಿ, ಇನ್ನೊಂದನ್ನು ಕೈಯಲ್ಲೇ ಹಿಡಿದು ನಿಂತುಬಿಟ್ಟರು. ಗಿರಾಕಿಯ ಮುಂದೆ ದನಿ ಏರಿಸುವ ಅಭ್ಯಾಸ ಚಂದ್ರಶೇಖರಪ್ಪನವರಿಗೆ ಇರಲಿಲ್ಲ. ಆ ಒಂದು ಅಭ್ಯಾಸ ಆ ಹೊತ್ತಿಗೆ ಎಲ್ಲರನ್ನೂ ಕಾಪಾಡಿತು. ಅವರು ಟ್ರೇಯನ್ನು ಒಳಗಿಟ್ಟು, ಶೋಕೇಸಿನ ಬೀಗ ಹಾಕಿ, ಎಳೆದು ನೋಡಿ, ನಿಧಾನವಾಗಿ ಬಂದರು. ಮಗಳ ಮುಖ ನೋಡಿದರು. ಅವಳು ತಲೆ ತಗ್ಗಿಸಲಿಲ್ಲ.

"ಅಮ್ಮಂಗೆ ಗೊತ್ತಾ?"

"ನಾನು ಹೇಳಿಲ್ಲ ಅಪ್ಪಾಜಿ."

"ಹಂಗಾದ್ರೆ ಗೊತ್ತಿರುತ್ತೆ," ಎಂದು ಅವರು ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸತೊಡಗಿದರು. ಒರೆಸಿದ್ದು ಮುಗಿಯಲೇ ಇಲ್ಲ. ಧನ್ಯಾ ಆ ಕೈಗಳನ್ನೇ ನೋಡುತ್ತಿದ್ದಳು.

"ರುದ್ರೇಶ, ನಿಮ್ಮಪ್ಪ ಆಲ್ದೂರಲ್ಲಿ ಎಷ್ಟು ಹೊತ್ತಿಗೆ ಅಂಗಡಿ ಬಾಗ್ಲು ಹಾಕ್ತಾರೆ?"

"ಎಂಟಕ್ಕೆ ಸರ್."

"ಭಾನುವಾರ?"

"ಭಾನುವಾರ ಮಧ್ಯಾಹ್ನಕ್ಕೇ ಹಾಕ್ತಾರೆ."

ಚಂದ್ರಶೇಖರಪ್ಪ ಕನ್ನಡಕ ಹಾಕಿಕೊಂಡು ಮಗಳ ಕಡೆ ತಿರುಗಿದರು. "ಓಂಕಾರಮೂರ್ತಿಗೆ ಬರಿ. ಭಾನುವಾರ ನಾವು ಊರಲ್ಲಿ ಇರಲ್ಲ ಅಂತ."

ಧನ್ಯಾಳಿಗೆ ಅಕ್ಷರಗಳು ಸರಿಯಾಗಿ ಕಾಣುತ್ತಿರಲಿಲ್ಲ. ಅವಳು ಕಣ್ಣೊರೆಸಿಕೊಂಡು ಮೊದಲು ಬರೆದದ್ದನ್ನೆಲ್ಲ ಅಳಿಸಿದಳು, ಅಪ್ಪ ಹೇಳಿದ್ದನ್ನು ಬರೆದಳು, ಕಳಿಸಿದಳು.